ಮೂಗಿನಲ್ಲಿ ಬಂದ ಹಾಲು

ನಮ್ಮ ತಲ್ಲೂರಿನ ಸುತ್ತಮುತ್ತ ಹೊಳೆಯ ನಡುವೆ ಕುದ್ರುಗಳು, ಅಂದರೆ ನಡುಗಡ್ಡೆಗಳು, ಬೇಕಷ್ಟಿವೆ. ಕುದುರೆ ಕಾಣುವುದು ಅಪರೂಪ. ಐನೂರು ವರ್ಷಗಳ ಹಿಂದೆ ಹೊರ್ಮುಜಿನಿಂದ ಹಡಗೇರಿ ಬಂದ ಕುದುರೆಗಳು ನಮ್ಮ ಬಡಗಿನ ಭಟ್ಕಳದಲ್ಲಿ ಇಳಿದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಈಗ ಕುದುರೆಮರಿಯ ಮಾತೆತ್ತಿದರೆ ನಾವೇ ಘಟ್ಟ ಹತ್ತಬೇಕು, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನಂಥ ಊರಿಗೆ. ಆದರೂ ಇವತ್ತು ಈ ವಿಷಯ ಎತ್ತಿಕೊಂಡಿದ್ದೇನೆ. ಏಕೆಂದರೆ ಸೀಳು ಅಂಗುಳ ಕುದುರೆಮರಿಗೆ ಬರುವಂತೆಯೇ ನಿಮ್ಮ ಹಟ್ಟಿಯ ಕರುವಿಗೂ ಬರುತ್ತದೆ.

ಹುಟ್ಟಿದ ಕುದುರೆಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಕೆಚ್ಚಲು ಹುಡುಕಿ ಕುಡಿಯಬೇಕು. ಕುಡಿದು ತಲೆ ಎತ್ತಿದಾಗ ಎರಡೂ ಹೊಳ್ಳೆಗಳಿಂದ ಹಾಲು ಇಳಿಯಿತು ಅನ್ನಿ. ನೆತ್ತಿಗೆ ಹತ್ತಿತು ಎನ್ನುತ್ತೇವೆ. ಒಂದು ಸಲವಾದರೆ ಇರಬಹುದು. ಕುಡಿದಾಗಲೆಲ್ಲ ಹೀಗೇ ಆದರೆ, ಜೊತೆಗೆ ಕೆಮ್ಮೂ ಇದ್ದರೆ, ಅಂಗುಳ ನೋಡಿಸಬೇಕು.

ಅಂಗುಳ ಎಂದರೇನು? ನಿಮ್ಮ ನಾಲಿಗೆಯ ತುದಿಯನ್ನು ಮೇಲೆ ತಾಗಿಸಿ ಹಿಂದಕ್ಕೆ ಎಳೆಯಿರಿ. ಮುಂದೆ ಗಟ್ಟಿ, ಹಿಂದೆ ಮೆತ್ತಗೆ. ಬಾಯಿಗೆ ಅದೇ ಮಾಡು, ಮೂಗಿಗೆ ಅದೇ ನೆಲ. ಕುದುರೆಯ ಮೆತ್ತನೆ ಅಂಗುಳ ನಮ್ಮದರಂತೆ ಗಿಡ್ಡವಲ್ಲ. ಉದ್ದಕ್ಕೆ ಇಳಿದು ಗಂಟಲಗೂಡಿನ ಬುಡವನ್ನು ಅಪ್ಪಿಕೊಂಡಿರುತ್ತದೆ. ಆದ್ದರಿಂದಲೇ ಕುದುರೆ ಬಾಯಿಯಿಂದ ಉಸಿರಾಡಲಾರದು. ಎಷ್ಟು ಓಡಿ ದಣಿದರೂ ಹೊಳ್ಳೆ ಅರಳಿಸಿಯೇ ಏದುಸಿರು ಬಿಡುತ್ತದೆ. ಇಷ್ಟು ಬಿಗಿಯಾದ ಮಾಡು ಸೀಳಿದ್ದರೆ ಹಾಲು ಮೂಗಿಗೂ ನುಗ್ಗುತ್ತದೆ, ಶ್ವಾಸಕೋಶಕ್ಕೂ ಇಳಿಯುತ್ತದೆ. ಮರಿಯನ್ನು ಕೊಲ್ಲುವುದು ಹೆಚ್ಚಾಗಿ ಅದರಿಂದ ಬರುವ ನ್ಯುಮೋನಿಯಾ.

ಭ್ರೂಣದಲ್ಲಿ ಅಂಗುಳ ಮೊದಲು ಎರಡು ಪುಟ್ಟ ಹಲಗೆಗಳಾಗಿ ನಾಲಿಗೆಯ ಆಚೆ ಈಚೆ ಜೋತುಬಿದ್ದಿರುತ್ತದೆ. ನಾಲಿಗೆ ಕೆಳಗಿಳಿದು ಜಾಗ ಬಿಟ್ಟಾಗ ಹಲಗೆಗಳು ಮೇಲೆದ್ದು, ಮುಂದಿನಿಂದ ಹಿಂದಕ್ಕೆ ಕೂಡಿಕೊಳ್ಳುತ್ತವೆ. ಈ ಕೆಲಸ ನಡುವೆ ನಿಂತರೆ ಸೀಳು ಉಳಿಯುವುದು ಹಿಂದೆ. ಹಾಗಾಗಿ ಕುದುರೆಮರಿಯ ತುಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದರ ಬಾಯಿ ಅಗಲಕ್ಕೆ ತೆರೆಯುವುದೂ ಇಲ್ಲ. ಟಾರ್ಚಿಗೆ ಕಾಣದ್ದನ್ನು ವೈದ್ಯರು ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸಿ ನೋಡುತ್ತಾರೆ.

ಹಲಗೆಗಳು ಕೂಡದೆ ಉಳಿಯುವುದೇಕೆ? ಅಮೆರಿಕದ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಲೂಪಿನ್ ಎಂಬ ಗಿಡವಿದೆ. ಅದರ ಕೆಲವು ಜಾತಿಗಳನ್ನು ಗಬ್ಬದ ಹಸು 40ರಿಂದ 50ನೆಯ ದಿನದ ನಡುವೆ ಮೇಯ್ದರೆ, ಒಳಗಿನ ಕರುವಿನ ಅಲುಗಾಟವೇ ಕುಂದುತ್ತದೆ. ನಾಲಿಗೆ ಸರಿಯುವುದಿಲ್ಲ, ಹಲಗೆಗಳು ಕೂಡುವುದಿಲ್ಲ. ಸೀಳು ಅಂಗುಳದ ಕರು ಹುಟ್ಟುತ್ತದೆ. ಕುದುರೆಗಳಲ್ಲಿ ಮಾತ್ರ ಇಂಥ ಸ್ಪಷ್ಟ ಕಾರಣ ಕೈಗೆ ಸಿಗುವುದು ಅಪರೂಪ.

ಈಗ ಮುಖ್ಯ ಮಾತು. ಕರುವಾಗಲಿ ಮರಿಯಾಗಲಿ, ಮೂಗಿನಲ್ಲಿ ಹಾಲು ಬರುತ್ತಿದ್ದರೆ ಗೊಟ್ಟದಲ್ಲಿ ಹೊಯ್ಯಬೇಡಿ. ಹಸಿದಿದೆಯಲ್ಲ ಎಂಬ ಕರುಳಿನ ಸಂಕಟ ನನಗೂ ಅರ್ಥವಾಗುತ್ತದೆ; ಆದರೆ ಹೊಯ್ದ ಹಾಲು ಎದೆಗೇ ಹೋಗುತ್ತದೆ. ಗಿಣ್ಣದ ಹಾಲು ಕರೆದಿಟ್ಟುಕೊಂಡು ಕೂಡಲೇ ಪಶುವೈದ್ಯರನ್ನು ಕರೆಯಿರಿ. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಅವರು ಕುಡಿಸುತ್ತಾರೆ. ಮೊದಲ ದಿನ ಕಳೆದರೆ ಗಿಣ್ಣದ ರೋಗನಿರೋಧಕ ಶಕ್ತಿಯನ್ನು ಕರುಳು ಹೀರಿಕೊಳ್ಳುವುದಿಲ್ಲ. ಹಾಲು ಮೂಗಿಗೆ ಬರಲು ಬರೀ ನಿತ್ರಾಣ, ನುಂಗುವ ಸ್ನಾಯುಗಳ ಸೋಲು ಕೂಡ ಕಾರಣವಿರಬಹುದು. ಅವು ವಾಸಿಯಾಗುವುದುಂಟು.

ಸೀಳನ್ನು ಹೊಲಿಯಬಹುದು. ಕುದುರೆಮರಿಯಲ್ಲಿ ಅಷ್ಟು ಆಳಕ್ಕೆ ಕೈ ಹೋಗಲು ಕೆಳದವಡೆಯನ್ನು ಗಲ್ಲದ ಬಳಿ ಸೀಳಬೇಕಾಗುವುದೂ ಉಂಟು. ನುಂಗಿದಾಗಲೆಲ್ಲ ಎಳೆತ ಬಿದ್ದು ಹೊಲಿಗೆ ಬಿಡುವುದೇ ಹೆಚ್ಚು. ದೊಡ್ಡ ಸೀಳಿನ ಮರಿಗೆ ನೋವಿಲ್ಲದ ಸಾವು ಕೊಡುವುದನ್ನು ನಾನು ತಪ್ಪೆನ್ನಲಾರೆ. ಹಿಂದಿನ ಅಂಚಿನ ಸಣ್ಣ ಸೀಳಿದ್ದರೆ ಶಸ್ತ್ರಚಿಕಿತ್ಸೆಯಿಲ್ಲದೆ ಬೆಳೆದ ಕುದುರೆಗಳೂ ಇವೆ.

ಗ್ರಹಣದ ದಿನ ಗಬ್ಬದ ಪಶುವನ್ನು ಹೊರಗೆ ಬಿಟ್ಟದ್ದಕ್ಕೇ ಹೀಗಾಯಿತೆಂದು ಮನೆಯ ಹೆಂಗಸರನ್ನು ದೂರುವವರಿದ್ದಾರೆ. ದಯವಿಟ್ಟು ಬೇಡ. ಕುದುರೆಯ ಗರ್ಭ ಸುಮಾರು 340 ದಿನ. ಅಂಗುಳ ಕೂಡುವ ಕೆಲಸ 47ನೆಯ ದಿನದ ಹೊತ್ತಿಗೇ ಮುಗಿದಿರುತ್ತದೆ. ಆಗ ಮರಿ ನಿಮ್ಮ ಹೆಬ್ಬೆರಳಿನಷ್ಟೂ ಉದ್ದವಿರುವುದಿಲ್ಲ.