ಏಟು ತಿಂದವನಿಗೇ ಸವಾಲು



ಬಟವಾಡೆಯ ರಾತ್ರಿ ಎರಡನೇ ಪಾಳಿ ಮುಗಿಸಿ ಬರುತ್ತಿದ್ದ ನಮ್ಮ ಮಗ್ಗದಾಳೊಬ್ಬನನ್ನು ಮೂವರು ಅಡ್ಡಗಟ್ಟಿ, ಚಾಕುವಿನಿಂದ ತಿವಿದು, ಸಂಬಳ ಕಿತ್ತುಕೊಂಡರು. ಠಾಣೆಗೆ ನಾನೇ ಜೊತೆಯಲ್ಲಿ ಹೋಗಿದ್ದೆ. ಮೊದಲ ಪ್ರಶ್ನೆ: “ಎಷ್ಟು ಕುಡಿದಿದ್ದೆ?” ಎರಡನೆಯದು: “ಆ ಜಾಗ ನಮ್ಮ ಸರಹದ್ದೇನು?” ದೂರು ಬರೆದುಕೊಳ್ಳಲೇ ಇಲ್ಲ. ಗಾಯವೇನೋ ಮಾಯಿತು. ಆದರೆ ಇಂದಿಗೂ ಬಟವಾಡೆಯ ದಿನ ಭಾಮೈದನನ್ನು ಗೇಟಿಗೆ ಕರೆಸಿಕೊಂಡೇ ಅವನು ಮನೆಗೆ ಹೊರಡುವುದು.

ಇಂಥ ದೂರು ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಸರಹದ್ದಿನ ನೆಪಕ್ಕೂ ಜಾಗವಿಲ್ಲ. ನಕಲನ್ನು ಪುಕ್ಕಟೆ ಕೊಡಬೇಕು. ಸುಲಿದವರು ಪತ್ತೆಯಾಗದಿದ್ದರೂ 396ನೇ ಕಲಮಿನಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಬಹುದು. ಆ ರಾತ್ರಿ ಇದು ನನಗೂ ಗೊತ್ತಿರಲಿಲ್ಲ, ಹೆಸರಿಗೆ ಮಾತ್ರ ಮೇಷ್ಟ್ರು! ಇನ್ನು ಮೇಲೆ ನಾಲ್ವರು ಕೂಡಿ ಹೋಗಿ. ನಕಲು ಕೈಗೆ ಬರುವ ತನಕ ಠಾಣೆಯ ಬೆಂಚು ಬಿಟ್ಟು ಏಳಬೇಡಿ.