ದೊರೆ ಬದಲಾದ್ರೆ ಊರಿನ ಕಂದಾಯ ಯಾರಿಗೆ?

ಇವತ್ತಿನ ಎಪಿಸೋಡು ನಮ್ಮ ಸೀಮೆಯದ್ದೇ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ. ಸ್ಕೂಲಲ್ಲಿ ಗಂಗರು, ಚೋಳರು, ಹೊಯ್ಸಳರು, ವಿಜಯನಗರ ಅಂತ ಸಾಲಾಗಿ ಬಾಯಿಪಾಠ ಮಾಡಿದ್ದೀವಿ. ಆದ್ರೆ ನಾನು ಓದಿದ್ದು ಬಿ.ಕಾಂ. ಅದಕ್ಕೇ ನನ್ನ ಪ್ರಶ್ನೆ ಬೇರೆ. ಮೇಲೆ ದೊರೆ ಬದಲಾದಾಗ, ಕೆಳಗೆ ಗದ್ದೆ ಉಳೋನು ಕಂದಾಯ ಯಾರಿಗೆ ಕಟ್ತಿದ್ದ?

ಮೊದಲು ಇಸವಿ ನೋಡ್ಕೊಂಡು ಬಿಡೋಣ. ಸುಮಾರು 1004ರಲ್ಲಿ ಚೋಳರು ಗಂಗರಿಂದ ತಲಕಾಡು ಕಿತ್ಕೊಂಡ್ರು. ನೂರು ವರ್ಷದ ಮೇಲೆ, 1116ರ ಹೊತ್ತಿಗೆ, ಹೊಯ್ಸಳ ವಿಷ್ಣುವರ್ಧನ ಅದನ್ನ ಗೆದ್ದು 'ತಲಕಾಡುಗೊಂಡ' ಅಂತ ಬಿರುದು ಹಾಕ್ಕೊಂಡ. ಗೆದ್ದು ಕೊಟ್ಟವನು ದಂಡನಾಯಕ ಗಂಗರಾಜ. ಏನು ಬೇಕೋ ಕೇಳು ಅಂದಾಗ ಆತ ಕೇಳಿದ್ದು ನಮ್ಮ ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ. ಅದನ್ನ ತಾನಿಟ್ಟುಕೊಳ್ಳದೆ ತನ್ನ ಜೈನ ಗುರುವಿಗೆ ದಾನ ಕೊಟ್ಟ. ಆ ಊರಿನ ರೈತನ ಕಡೆಯಿಂದ ಯೋಚನೆ ಮಾಡಿ. ಹೊಲ ಅದೇ, ರಾಗಿ ಅದೇ. ಯುದ್ಧ ಆಗಿದ್ದು ಎಲ್ಲೋ ದೂರದ ತಲಕಾಡಲ್ಲಿ. ಆದ್ರೆ ಊರಿನ ಆದಾಯ ಸೇರೋ ಜಾಗ ಬದಲಾಗೋಯ್ತು.

ಎಲ್ಲಾನೂ ಹೀಗೆ ಬದಲಾಗ್ಲಿಲ್ಲ. ಪಾಂಡವಪುರ ತಾಲ್ಲೂಕಿನ ತೊಣ್ಣೂರಿಗೆ ಹೋಗಿ. ಚೋಳರು ಹೋದಮೇಲೆ, ಹೊಯ್ಸಳರ ಕಾಲದಲ್ಲೂ ಅಲ್ಲಿ ತಮಿಳಲ್ಲಿ ಶಾಸನ ಬರೆಸಿದ್ದಾರೆ. ದೊರೆ ಹೋದ, ಬರವಣಿಗೆ ಉಳೀತು. ಹೆಚ್ಚೂಕಮ್ಮಿ ಅದೇ ಕಾಲಕ್ಕೆ ದಕ್ಷಿಣ ಇಟಲಿಯಲ್ಲೂ ಇದೇ ಕಥೆ. ಬಾರಿ ಪಟ್ಟಣವನ್ನ ನಾರ್ಮನ್ನರು 1071ರಲ್ಲಿ ಬೈಜಾಂಟಿಯನ್ನರಿಂದ ಕಿತ್ಕೊಂಡ್ರು. 1130ರಲ್ಲಿ ಪಟ್ಟಕ್ಕೆ ಬಂದ ಅವರ ರಾಜ ಎರಡನೇ ರೋಜರ್, ಲ್ಯಾಟಿನ್ ಜೊತೆಗೆ ಗ್ರೀಕ್, ಅರಬ್ಬೀಲೂ ದಾಖಲೆ ಬರೆಸ್ತಿದ್ದ. ಹೊಸ ದೊರೆಗೂ ಹಳೇ ಲೆಕ್ಕ ಬಲ್ಲವರು ಬೇಕು.

ಈಗ ದಾನಶಾಸನಗಳ ಕೊನೇ ಸಾಲುಗಳಿಗೆ ಬರೋಣ. ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ತಾನೆ, ಹೀಗೆಲ್ಲ ಶಾಪ ಇರುತ್ತೆ. ಇದು ಯಾರಿಗೆ? ಪಕ್ಕದ ಮನೆಯವನಿಗೆ ಮಾತ್ರ ಅಲ್ಲ, ಮುಂದೆ ಬರೋ ದೊರೆಗೂ. ಕೊಟ್ಟ ರಾಜ ನಾಳೆ ಇರಲ್ಲ, ಗೆದ್ದು ಬಂದವನನ್ನ ಎಳೆಯೋಕೆ ಕೋರ್ಟೂ ಇಲ್ಲ. ಆ ಅಗ್ರಿಮೆಂಟಿಗೆ ಶಾಪವೇ ಗ್ಯಾರಂಟಿ. ದೊರೆ ಶಾಶ್ವತ ಅಲ್ಲ ಅನ್ನೋದು ಕಲ್ಲು ಬರೆಸಿದವರಿಗೇ ಚೆನ್ನಾಗಿ ಗೊತ್ತಿತ್ತು.

ದೊರೆ ಹೋದಮೇಲೆ ಬದುಕೋದೇ ಬೇಡ ಅಂದವರೂ ಇದ್ರು. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಮೇಲೆ ಆನೆ ಕೆತ್ತಿರೋ ಕಂಬಗಳಿವೆ. ಅವು 'ಗರುಡ'ರ ನೆನಪಿನವು. ರಾಜ ಸತ್ತರೆ ನಾನೂ ಸಾಯ್ತೀನಿ ಅಂತ ಭಾಷೆ ಕೊಟ್ಟು, ಹಾಗೇ ಪ್ರಾಣ ಬಿಟ್ಟವರು. ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೀಗೆ ನಡೀತು. ಜೊತೆಗೆ ಅವರ ಹೆಂಡತಿಯರು, ಆಳುಗಳು ಕೂಡ. ಆ ಆಳುಗಳನ್ನ ಯಾರಾದ್ರೂ ಕೇಳಿದ್ರಾ? ಕಂಬ ಹೇಳೋದು ನಿಷ್ಠೆ ಬಗ್ಗೆ, ಅವರ ಮನಸ್ಸಿನ ಬಗ್ಗೆ ಅಲ್ಲ.

ಅವರಷ್ಟು ಜನ ಸತ್ತು ಕಾಪಾಡಿದ ಮಾತು ರಾಜ್ಯವನ್ನ ಕಾಪಾಡಲಿಲ್ಲ. ದ್ವಾರಸಮುದ್ರದ ಮೇಲೆ ದೆಹಲಿ ಸೈನ್ಯ ಬಿತ್ತು. ಮೂರನೇ ಬಲ್ಲಾಳ ಮಧುರೆ ಸುಲ್ತಾನರ ಕೈಲಿ ಹತನಾದ. ನಮ್ಮ ಸೀಮೆ ವಿಜಯನಗರಕ್ಕೆ ಸೇರ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡ್ರು. ಅತ್ತಿಕುಪ್ಪೆ ಅಂತಿದ್ದ ಊರು ಮುಂದೆ ಕೃಷ್ಣರಾಜಪೇಟೆ ಆಯ್ತು.

ಇಷ್ಟೆಲ್ಲ ಆಗುವಾಗ ಉತ್ತು, ಬಿತ್ತು, ಕಂದಾಯ ಕಟ್ಟಿದವನ ಹೆಸರಲ್ಲಿ ಆನೆ ಕಂಬ ನಿಲ್ಲಲಿಲ್ಲ. ಆದ್ರೆ ದಾನಶಾಸನದಲ್ಲಿ ಅವನ ಗದ್ದೆ ಇದೆ, ಕೆರೆ ಇದೆ, ಎಲ್ಲೆ ಇದೆ. ಇತಿಹಾಸದಲ್ಲಿ ಅವನಿಗೆ ಸಿಕ್ಕ ಜಾಗ ಅಷ್ಟೇ. ಹಾಗಾಗಿ ನಿಮ್ಮೂರಲ್ಲಿ ಬಟ್ಟೆ ಒಗೆಯೋ ಕಲ್ಲಲ್ಲಿ ಅಕ್ಷರ ಕಂಡ್ರೆ, ಸುಣ್ಣ ಬಳಿಯೋಕೆ ಮುಂಚೆ ಒಂದು ಫೋಟೋ ತೆಗೀರಿ, ಓದೋಕೆ ಬರೋರಿಗೆ ತೋರಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.