ಮನೆ ಇಲ್ಲಿದೆ, ಕಂಪನಿ ಅಲ್ಲಿದೆ: ದೂರು ಎಲ್ಲಿ ಕೊಡಬೇಕು?

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಕಾನೂನು ಮಾಹಿತಿ ಶಿಬಿರದಲ್ಲಿ ನೀಡಿದ ಭಾಷಣದ ಬರಹ ರೂಪ)



ಉಳಿತಾಯ, ಸಾಲ, ಲೆಕ್ಕಪುಸ್ತಕದ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಇವತ್ತು ಆ ಉಳಿತಾಯದಿಂದ, ಆ ಸಾಲದಿಂದ ಕಟ್ಟಿಕೊಂಡ ಮನೆಯ ಬಗ್ಗೆ ಮಾತಾಡೋಣ. ಮನೆಗೆ ಬೇಕಾದ ಕೆಲಸ ಮಾಡಿಕೊಡುತ್ತೇವೆ ಅಂತ ಒಂದು ಕಂಪನಿ ಹಣ ತೆಗೆದುಕೊಂಡು ಕೈಕೊಟ್ಟರೆ ನಾವು ಎಲ್ಲಿಗೆ ಹೋಗಬೇಕು? ಇದೇ ಇವತ್ತಿನ ಪ್ರಶ್ನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ತಾಲೂಕಿನ ಒಬ್ಬ ಅಕ್ಕನ ಮನೆ ತಾರಸಿ ಸೋರುತ್ತಿತ್ತು. ಒಂದು ಕಂಪನಿಯವರು ಬಂದು ನೋಡಿ, ವಾಟರ್‌ಪ್ರೂಫಿಂಗ್ ಮಾಡಿ, ಐದು ವರ್ಷದ ಗ್ಯಾರಂಟಿ ಬರೆದುಕೊಟ್ಟು, 1,20,000 ರೂಪಾಯಿ ತೆಗೆದುಕೊಂಡರು. ಮೊದಲ ಮಳೆಗಾಲಕ್ಕೇ ತಾರಸಿ ಮತ್ತೆ ಸೋರಿತು. ಗೋಡೆ ನೆನೆಯಿತು, ವೈರಿಂಗ್ ಹಾಳಾಯಿತು, ಅಕ್ಕಿ ಮೂಟೆ ಮುಗ್ಗಿತು. ಫೋನ್ ಮಾಡಿದರೆ ಎತ್ತುವವರಿಲ್ಲ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿ, ಶಾಖೆ ಬೆಂಗಳೂರಿನಲ್ಲಿ. ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಯಾವುದೇ ವ್ಯಾಜ್ಯ ಮುಂಬೈ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ ಒಳಪಟ್ಟಿದೆ.’

ಈ ಸಾಲು ಓದಿದ ಕೂಡಲೇ ಹೆಚ್ಚಿನವರು ಏನು ಮಾಡುತ್ತಾರೆ? ‘ಮುಂಬೈಗೆ ಹೋಗುವವರು ಯಾರು ಮಾರಾಯ್ತಿ, ಹೋದ ಹಣ ಹೋಯ್ತು’ ಅಂತ ಸುಮ್ಮನಾಗುತ್ತಾರೆ. ನ್ಯಾಯ ನಮ್ಮ ಕಡೆ ಇದ್ದರೂ ದೂರಕ್ಕೆ ಹೆದರಿ ನಾವು ಸೋಲುತ್ತೇವೆ. ಇನ್ನು ಕೆಲವರು ಸಿಟ್ಟಿನಲ್ಲಿ ಯಾರೋ ಹೇಳಿದ ಕಡೆ ಹೋಗಿ ಕೇಸು ಹಾಕುತ್ತಾರೆ. ಅದೂ ಕಷ್ಟವೇ.

ತಪ್ಪು ಬಾಗಿಲು ತಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ಕೇಳಿ. ಸೋನಿಕ್ ಸರ್ಜಿಕಲ್ ಎಂಬ ಸಂಸ್ಥೆಯ ಅಂಬಾಲಾದ ಗೋದಾಮಿಗೆ 1999ರಲ್ಲಿ ಬೆಂಕಿ ಬಿತ್ತು. ವಿಮೆ ಮಾಡಿಸಿದ್ದು ಅಂಬಾಲಾದಲ್ಲಿ, ಪರಿಹಾರ ಕೇಳಿದ್ದೂ ಅಂಬಾಲಾದಲ್ಲಿ. ಆದರೆ ವಿಮಾ ಕಂಪನಿಗೆ ಚಂಡೀಗಢದಲ್ಲಿ ಶಾಖೆ ಇದೆ ಅಂತ ದೂರನ್ನು ಅಲ್ಲಿ ಹಾಕಿದರು. ಕೊನೆಗೆ 2009ರಲ್ಲಿ ಸುಪ್ರೀಂ ಕೋರ್ಟು, ಚಂಡೀಗಢದಲ್ಲಿ ಈ ವಿಷಯದ ಯಾವ ಭಾಗವೂ ನಡೆದಿಲ್ಲ, ಶಾಖೆ ಇದ್ದ ಮಾತ್ರಕ್ಕೆ ಸಾಲದು ಎಂದು ಹೇಳಿತು. ಹತ್ತು ವರ್ಷ ಕಳೆದ ಮೇಲೆ ಸಿಕ್ಕಿದ್ದು ‘ನೀವು ಬಂದ ಜಾಗ ಸರಿಯಿಲ್ಲ’ ಎಂಬ ಉತ್ತರ. ಇದು ಹಳೆಯ, ಅಂದರೆ 1986ರ ಗ್ರಾಹಕ ಕಾಯ್ದೆಯ ಕಾಲದ ಮಾತು.

ಈಗ ಕಾನೂನು ನಮ್ಮ ಮನೆ ಬಾಗಿಲಿನ ಹತ್ತಿರ ಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 34ನೇ ಸೆಕ್ಷನ್ ಹೇಳುವುದನ್ನು ಸರಳವಾಗಿ ಹೇಳುತ್ತೇನೆ. ಕಂಪನಿ ವ್ಯವಹಾರ ನಡೆಸುವ ಅಥವಾ ಶಾಖೆ ಇರುವ ಜಿಲ್ಲೆಯಲ್ಲಿ ದೂರು ಕೊಡಬಹುದು. ತೊಂದರೆ ಪೂರ್ತಿಯಾಗಿ ಅಥವಾ ಭಾಗಶಃ ನಡೆದ ಜಿಲ್ಲೆಯಲ್ಲಿ ಕೊಡಬಹುದು. ಹೊಸದಾಗಿ ಸೇರಿದ್ದು ಇದು: ದೂರು ಕೊಡುವವರು ವಾಸವಾಗಿರುವ ಅಥವಾ ಸ್ವತಃ ದುಡಿಯುವ ಜಿಲ್ಲೆಯಲ್ಲೂ ಕೊಡಬಹುದು. ಅಂದರೆ ನಮ್ಮ ತೀರ್ಥಹಳ್ಳಿಯ ಅಕ್ಕ ಮುಂಬೈಗೂ ಹೋಗಬೇಕಾಗಿಲ್ಲ, ಬೆಂಗಳೂರಿಗೂ ಹೋಗಬೇಕಾಗಿಲ್ಲ. ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ ಸಾಕು.

ಹಾಗಾದರೆ ರಸೀದಿಯ ಆ ಸಣ್ಣ ಅಕ್ಷರದ ಗತಿ ಏನು? ಸಿವಿಲ್ ಕೋರ್ಟಿನಲ್ಲಿ ಅದಕ್ಕೆ ಬೆಲೆ ಇದೆ. ಎರಡು ಮೂರು ಊರುಗಳ ಕೋರ್ಟಿಗೆ ಅಧಿಕಾರ ಇದ್ದಾಗ, ಅದರಲ್ಲಿ ಒಂದನ್ನು ಮಾತ್ರ ಎಂದು ಎರಡೂ ಕಡೆಯವರು ಒಪ್ಪಿಕೊಳ್ಳಬಹುದು. 2013ರಲ್ಲಿ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಷರತ್ತನ್ನು ಎತ್ತಿಹಿಡಿದಿದೆ. ಅದು ಎರಡು ಕಂಪನಿಗಳ ನಡುವಿನ ವ್ಯವಹಾರ. ಗ್ರಾಹಕರಿಗೆ ತಮ್ಮ ಜಿಲ್ಲೆಯ ಆಯೋಗಕ್ಕೆ ಹೋಗುವ ಹಕ್ಕು ಕೊಟ್ಟಿರುವುದು ಶಾಸನ, ಕಂಪನಿಯ ದಯೆ ಅಲ್ಲ. ಕಂಪನಿಯ ವಕೀಲರು ಆ ಸಾಲು ತೋರಿಸಿ ಆಕ್ಷೇಪ ಎತ್ತಬಹುದು. ನೀವು 34ನೇ ಸೆಕ್ಷನ್ ತೋರಿಸಿ. ಹಾಗೆಯೇ ಕೆಲವು ಕರಾರಿನಲ್ಲಿ ‘ತಕರಾರು ಬಂದರೆ ಮಧ್ಯಸ್ಥಗಾರರ ಮುಂದೆ ಮಾತ್ರ’ ಅಂತ ಬರೆದಿರುತ್ತಾರೆ. ಅಂಥ ಷರತ್ತು ಇದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಆದರೆ ಮನೆಯ ಎಲ್ಲ ಜಗಳಕ್ಕೂ ಒಂದೇ ಬಾಗಿಲು ಅಲ್ಲ. ಅದಕ್ಕೇ ಕೇಸು ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೇ ಪ್ರಶ್ನೆ: ಆ ಕಂಪನಿಗೂ ನನಗೂ ಏನು ಸಂಬಂಧ?

ಹಣ ಕೊಟ್ಟು ವಸ್ತು ಅಥವಾ ಸೇವೆ ಪಡೆದಿದ್ದರೆ ನೀವು ಗ್ರಾಹಕರು. ಮನೆ ಕಟ್ಟಿಕೊಡುವ ಕೆಲಸವೂ ಕಾಯ್ದೆಯಲ್ಲಿ ಸೇವೆಯೇ. ರಸೀದಿ ಗಂಡನ ಹೆಸರಿನಲ್ಲಿದ್ದರೂ, ಅವರ ಒಪ್ಪಿಗೆಯಿಂದ ಆ ಸೇವೆಯ ಪ್ರಯೋಜನ ಪಡೆಯುವ ಹೆಂಡತಿಯೂ ಗ್ರಾಹಕಳೇ.

ಕಂಪನಿಯಿಂದ ನೀವು ಏನೂ ಕೊಂಡಿಲ್ಲ, ಆದರೆ ಪಕ್ಕದ ಗುಡ್ಡದಲ್ಲಿ ಕಲ್ಲುಕ್ವಾರಿ ಕಂಪನಿ ಸಿಡಿಮದ್ದು ಇಟ್ಟು ನಿಮ್ಮ ಗೋಡೆ ಬಿರುಕು ಬಿಟ್ಟಿದೆ ಅಂತ ಇಟ್ಟುಕೊಳ್ಳಿ. ಆಗ ನೀವು ಗ್ರಾಹಕರಲ್ಲ. ಇದು ಸಿವಿಲ್ ದಾವೆ. ಸ್ಥಿರಾಸ್ತಿಗೆ ಆದ ಹಾನಿ, ಜಾಗದ ಹಕ್ಕು, ಗಡಿ ಒತ್ತುವರಿ, ಇಂಥದಕ್ಕೆಲ್ಲ ಆಸ್ತಿ ಎಲ್ಲಿದೆಯೋ ಆ ಪ್ರದೇಶದ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಕಂಪನಿ ದೆಹಲಿಯದ್ದೇ ಆಗಿರಲಿ, ಮನೆ ಇರುವ ಕಡೆಗೆ ಅದೇ ಬರಬೇಕು.

ಪಟ್ಟಣದಲ್ಲಿ ಬಿಲ್ಡರ್ ಹತ್ತಿರ ಫ್ಲ್ಯಾಟ್ ಕೊಂಡಿದ್ದರೆ, ಯೋಜನೆ ರೇರಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಯೇ ನೋಡಿ. ಕರ್ನಾಟಕದ ರೇರಾ ಪ್ರಾಧಿಕಾರ ಬೆಂಗಳೂರಿನಲ್ಲಿದೆ, ದೂರನ್ನು ಆನ್‌ಲೈನಿನಲ್ಲಿ ಕೊಡಬಹುದು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಮಾಡಬೇಕು. ರೇರಾ ಇದ್ದರೂ ಗ್ರಾಹಕರ ಆಯೋಗಕ್ಕೆ ಹೋಗಬಹುದು ಎಂದು 2020ರಲ್ಲಿ ಇಂಪೀರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಂದನ್ನು ಆರಿಸಿಕೊಳ್ಳಿ. ಒಂದೇ ಪರಿಹಾರಕ್ಕೆ ಎರಡು ಕಡೆ ಹೋಗಬೇಡಿ.

ಇನ್ನೊಂದು ಮುಖ್ಯ ವಿಷಯ. ಸಾಲ ಕೊಟ್ಟ ಬ್ಯಾಂಕು ಅಥವಾ ಹಣಕಾಸು ಕಂಪನಿ ಸರ್ಫೇಸಿ ಕಾಯ್ದೆಯಡಿ ಮನೆ ಸ್ವಾಧೀನಕ್ಕೆ ಬಂದಿದ್ದರೆ ಸಿವಿಲ್ ಕೋರ್ಟಿಗೆ ಓಡಬೇಡಿ. ಅಲ್ಲಿ ಸಾಮಾನ್ಯವಾಗಿ ತಡೆ ಸಿಗುವುದಿಲ್ಲ. ಅದಕ್ಕೆ ಸಾಲ ವಸೂಲಾತಿ ನ್ಯಾಯಮಂಡಳಿ ಇದೆ, ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನಲ್ಲಿ. ಬ್ಯಾಂಕು ಸ್ವಾಧೀನದ ಕ್ರಮ ಕೈಗೊಂಡ ದಿನದಿಂದ 45 ದಿನ ಮಾತ್ರ ಅವಕಾಶ. ತಪ್ಪು ಕೋರ್ಟಿನಲ್ಲಿ ಈ 45 ದಿನ ಕಳೆದರೆ ಮನೆಯೇ ಕೈತಪ್ಪಬಹುದು.

ಎರಡನೇ ಪ್ರಶ್ನೆ: ನಾನು ಎಷ್ಟು ಹಣ ಕೊಟ್ಟಿದ್ದೇನೆ?

ಗ್ರಾಹಕರ ಆಯೋಗದಲ್ಲಿ ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಹಣ, ಕೇಳುವ ಪರಿಹಾರ ಅಲ್ಲ. 2021ರ ನಿಯಮದ ಪ್ರಕಾರ ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 50 ಲಕ್ಷ ಮೀರಿ 2 ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗ, ಅದಕ್ಕೂ ಮೀರಿದರೆ ದೆಹಲಿಯ ರಾಷ್ಟ್ರೀಯ ಆಯೋಗ. ನಮ್ಮ ಅಕ್ಕ ಹಾಳಾದ ಗೋಡೆ, ವೈರಿಂಗ್ ಎಲ್ಲ ಸೇರಿಸಿ 3 ಲಕ್ಷ ಕೇಳಿದರೂ, ಕೊಟ್ಟದ್ದು 1,20,000. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ.

ಮೂರನೇ ಪ್ರಶ್ನೆ: ಎರಡು ಮೂರು ಜಾಗ ಸಾಧ್ಯ ಇದ್ದರೆ ಯಾವುದು ಒಳ್ಳೆಯದು?

ನೀವು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದು, ಮನೆ ಊರಿನಲ್ಲಿ ಇದೆ ಅಂತಿಟ್ಟುಕೊಳ್ಳಿ. ಎರಡು ಕಡೆಯೂ ದೂರು ಕೊಡಬಹುದು. ಆಗ ಸಾಕ್ಷಿ ಎಲ್ಲಿದೆ ನೋಡಿ. ಸೋರುವ ತಾರಸಿಯನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಪರಿಶೀಲಿಸಿದ ಎಂಜಿನಿಯರ್, ಕೆಲಸ ನೋಡಿದ ಮೇಸ್ತ್ರಿ, ಪಕ್ಕದ ಮನೆಯವರು ಎಲ್ಲರೂ ಊರಲ್ಲೇ ಇದ್ದರೆ ಮನೆ ಇರುವ ಜಿಲ್ಲೆಯೇ ಒಳ್ಳೆಯದು. ಬಸ್ ಚಾರ್ಜು, ಒಂದು ದಿನದ ಕೂಲಿ, ಮಕ್ಕಳನ್ನು ನೋಡಿಕೊಳ್ಳುವವರು, ಇದನ್ನೂ ಲೆಕ್ಕ ಹಾಕಿ. ‘ದೊಡ್ಡ ಊರಿನಲ್ಲಿ ದೊಡ್ಡ ನ್ಯಾಯ’ ಅಂತೇನೂ ಇಲ್ಲ.

ವಾಸಸ್ಥಳದ ಮೇಲೆ ದೂರು ಕೊಡುವಾಗ ಪುರಾವೆ ಬೇಕು. ನಮ್ಮ ಎಷ್ಟೋ ಹೆಣ್ಣುಮಕ್ಕಳ ಆಧಾರ್ ಕಾರ್ಡಿನಲ್ಲಿ ಈಗಲೂ ತವರುಮನೆಯ ವಿಳಾಸವೇ ಇದೆ. ತವರು ಬೇರೆ ಜಿಲ್ಲೆ ಆಗಿದ್ದರೆ ಕಂಪನಿಗೆ ತಕರಾರು ತೆಗೆಯಲು ಅದೇ ಸಾಕು. ವಿಳಾಸ ಬದಲಾಯಿಸಿಕೊಳ್ಳಿ. ಅಲ್ಲಿಯವರೆಗೆ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಮನೆ ಕಂದಾಯದ ರಸೀದಿ ಜೊತೆಗಿಡಿ.

ಕಾಲಮಿತಿ ಮರೆಯಬೇಡಿ. ಗ್ರಾಹಕರ ದೂರಿಗೆ, ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷ. ಮೊದಲು ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ, ಅದರ ರಸೀದಿ ಇಟ್ಟುಕೊಳ್ಳಿ. ‘ನಾಳೆ ಬರ್ತೀವಿ, ನಾಡಿದ್ದು ಬರ್ತೀವಿ’ ಅಂತ ಅವರು ಹೇಳುತ್ತಾ ಹೋದರೆ ಎರಡು ವರ್ಷ ಕಳೆಯುವುದು ಗೊತ್ತೇ ಆಗುವುದಿಲ್ಲ. ದೂರಿನಲ್ಲಿ ಮುಖ್ಯ ಕಚೇರಿ, ಶಾಖೆ, ಹಣ ಪಡೆದ ಸ್ಥಳೀಯ ಏಜೆಂಟ್ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸುತ್ತಾರೆ.

ಯಾರಾದರೂ ಈಗಾಗಲೇ ತಪ್ಪು ಕಡೆ ಕೇಸು ಹಾಕಿದ್ದರೆ ಎದೆಗುಂದಬೇಡಿ. ಅಧಿಕಾರ ಇಲ್ಲದ ಸಿವಿಲ್ ಕೋರ್ಟು ದಾವೆಯನ್ನು ಸರಿಯಾದ ಕೋರ್ಟಿಗೆ ಸಲ್ಲಿಸಲು ವಾಪಸು ಕೊಡುತ್ತದೆ. ಪ್ರಾಮಾಣಿಕವಾಗಿ, ಶ್ರದ್ಧೆಯಿಂದ ನಡೆಸಿದ್ದರೆ ಅಲ್ಲಿ ಕಳೆದ ಸಮಯವನ್ನು ಕಾಲಮಿತಿಯ ಲೆಕ್ಕದಿಂದ ಬಿಡಲು ಕಾಲಮಿತಿ ಕಾಯ್ದೆಯ 14ನೇ ಸೆಕ್ಷನ್ ಇದೆ. ಆದರೆ ಗೊತ್ತಾದ ಕೂಡಲೇ ಹೊರಡಬೇಕು, ಮನೆಯಲ್ಲಿ ಕೂರಬಾರದು.

ಇದನ್ನೆಲ್ಲ ಒಬ್ಬರೇ ಮಾಡಬೇಕಾಗಿಲ್ಲ. ನಿಮ್ಮ ತಾಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯದ ಮಿತಿ ಮಹಿಳೆಯರಿಗಿಲ್ಲ. ಕಾನೂನು ನೆರವಿಗೆ 15100, ಗ್ರಾಹಕರ ಸಹಾಯವಾಣಿಗೆ 1915, ಈ ಎರಡು ನಂಬರನ್ನು ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. 2025ರ ಜನವರಿಯಿಂದ ‘ಇ-ಜಾಗೃತಿ’ ಎಂಬ ಆನ್‌ಲೈನ್ ವ್ಯವಸ್ಥೆಯೂ ಇದೆ. ಕಂಪ್ಯೂಟರ್ ಬಲ್ಲ ಮಗಳೋ ಸೊಸೆಯೋ ಇದ್ದರೆ ಊರಿಂದಲೇ ದೂರು ಸಲ್ಲಿಸಬಹುದು.

ಮುಂದಿನ ವಾರದ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಗೆ ಸಂಬಂಧಿಸಿದ ಒಂದು ರಸೀದಿ ಅಥವಾ ಗ್ಯಾರಂಟಿ ಕಾರ್ಡು ತನ್ನಿ. ಕೆಳಗಿನ ಸಣ್ಣ ಅಕ್ಷರವನ್ನು ಒಬ್ಬರು ಗಟ್ಟಿಯಾಗಿ ಓದಲಿ. ಆಮೇಲೆ ಈ ಮೂರು ಪ್ರಶ್ನೆ ಹಾಕಿ, ‘ಇದರಲ್ಲಿ ತೊಂದರೆ ಬಂದರೆ ನಾವು ಎಲ್ಲಿಗೆ ಹೋಗಬೇಕು’ ಅಂತ ಎಲ್ಲರೂ ಸೇರಿ ತೀರ್ಮಾನಿಸಿ. ತೊಂದರೆ ಬರುವ ಮೊದಲೇ ದಾರಿ ಗೊತ್ತಿದ್ದವಳನ್ನು ‘ಮುಂಬೈಗೆ ಬಾ’ ಅಂತ ಹೆದರಿಸಲು ಯಾವ ಕಂಪನಿಗೂ ಆಗುವುದಿಲ್ಲ.